ಮೂರು ಮುದ್ರೆ, ಒಂದು ಸೀರೆ

ಒಂದು ಮೊಳಕಾಲ್ಮೂರು ಸೀರೆಗೆ ಇವತ್ತು ಮೂರು ಮುದ್ರೆ ಸಿಗಬಹುದು. ಮೊದಲನೇದು ಭೌಗೋಳಿಕ ಸೂಚಕ, ನಾವೆಲ್ಲ ಜಿಐ ಟ್ಯಾಗ್ ಅನ್ನೋದು. 1999ರ ಕಾಯ್ದೆಯ ಪ್ರಕಾರ ಕೊಡುವಂಥದ್ದು; ಈ ಸೀರೆ ಮೊಳಕಾಲ್ಮೂರು ಸೀಮೆಯದೇ ಅಂತ ಅದು ಹೇಳುತ್ತೆ. ಎರಡನೇದು ಸಿಲ್ಕ್ ಮಾರ್ಕ್. ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ 2004ರಲ್ಲಿ ಶುರುವಾಯ್ತು. ಇದು ಅಪ್ಪಟ ರೇಷ್ಮೆ, ಪಾಲಿಯೆಸ್ಟರ್ ಬೆರಕೆ ಇಲ್ಲ ಅಂತ ಅದರ ಮಾತು. ಮೂರನೇದು 2006ರ ಹ್ಯಾಂಡ್‌ಲೂಮ್ ಮಾರ್ಕ್. ಇದನ್ನು ಕೈಮಗ್ಗದಲ್ಲಿ ನೇಯ್ದಿದ್ದಾರೆ, ಪವರ್‌ಲೂಮ್‌ನಲ್ಲಲ್ಲ ಅಂತ ಹೇಳೋದು ಅದು.

ಊರು ಗೊತ್ತಾಯ್ತು, ನೂಲು ಗೊತ್ತಾಯ್ತು, ಮಗ್ಗ ಗೊತ್ತಾಯ್ತು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನಗಟ್ಟಲೆ ಕೂತವನಿಗೆ ಈ ಸೀರೆಯಿಂದ ಎಷ್ಟು ಸಿಕ್ಕಿತು ಅನ್ನೋದು ಮಾತ್ರ ಮೂರರಲ್ಲಿ ಯಾವ ಮುದ್ರೆಯಿಂದಲೂ ಗೊತ್ತಾಗಲ್ಲ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ಡೇಟಾಬೇಸ್‌ನಲ್ಲಿ ಒಂದು ಕಾಲಂ ಖಾಲಿ ಇರೋದಕ್ಕೂ ಆ ಕಾಲಂ ಇಲ್ಲದೇ ಇರೋದಕ್ಕೂ ಬಹಳ ವ್ಯತ್ಯಾಸ ಇದೆ. ಖಾಲಿ ಇದ್ದರೆ ಯಾರೋ ಒಬ್ಬರು ಒಂದಿನ ಯಾಕೆ ಖಾಲಿ ಅಂತ ಕೇಳ್ತಾರೆ. ಕಾಲಮ್ಮೇ ಇಲ್ಲ ಅಂದ್ರೆ ಪ್ರಶ್ನೆ ಹುಟ್ಟೋದೇ ಇಲ್ಲ. ಜಾಗತಿಕ ಸಪ್ಲೈ ಚೈನ್, ನ್ಯಾಯಯುತ ವ್ಯಾಪಾರ ಅಂತೆಲ್ಲ ನಾವು ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಕುಡೀತಾ ಮಾತಾಡುವಾಗ ನನಗೆ ನೆನಪಾಗೋದು ಈ ಇಲ್ಲದ ಕಾಲಂ.

ನಾನು ಚಳ್ಳಕೆರೆ ಕಡೆಯ ಹಳ್ಳಿಯವನು. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆಯಲ್ಲಿ ತಳಕು, ಬಿ.ಜಿ. ಕೆರೆ ದಾಟಿ, ಹಾನಗಲ್‌ನಲ್ಲಿ ತಿರುಗಿದರೆ ಮೊಳಕಾಲ್ಮೂರು. ಅಲ್ಲಿಂದ ಇನ್ನೊಂದಿಷ್ಟು ದೂರ ಹೋದರೆ ಆಂಧ್ರದ ರಾಯದುರ್ಗ. ನೇಕಾರರ ಬೀದಿಯಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ವೆ. ಪಿಯುಸಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಈಗ ಅಲ್ಲಿ ನೇಯ್ತಾನೆ. ನಾನು ಬಿಇಗೆ ಹೋದೆ, ಅವನು ಅಪ್ಪನ ಮಗ್ಗಕ್ಕೆ ಇಳಿದ. ಮಾರ್ಕ್ಸ್ ಅವನದೇ ಜಾಸ್ತಿ ಇತ್ತು, ಅದು ಬೇರೆ ಕಥೆ.

ಅಲ್ಲಿನ ವ್ಯವಸ್ಥೆ ಹೀಗಿದೆ. ಮಾಲೀಕರು, ಅಂದ್ರೆ ಮಾಸ್ಟರ್ ವೀವರ್, ಬಣ್ಣ ಹಾಕಿಸಿದ ಹುರಿ ರೇಷ್ಮೆ, ಜರಿ, ಡಿಸೈನ್ ಎಲ್ಲ ಕೊಡ್ತಾರೆ. ನೇಕಾರ ತನ್ನ ಮನೆಯ ಮಗ್ಗದಲ್ಲಿ ನೇಯ್ದು ಸೀರೆ ವಾಪಸ್ ಕೊಡ್ತಾನೆ. ಒಂದು ವಾರ್ಪಿಗೆ ಇಷ್ಟು ಸೀರೆ, ಸೀರೆಗೆ ಇಷ್ಟು ಮಜೂರಿ. ಬಾರ್ಡರ್ ಕಷ್ಟದ್ದಾದರೆ, ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿ ಓಡಬೇಕಾದರೆ ಮಜೂರಿ ಹೆಚ್ಚು, ದಿನಗಳೂ ಹೆಚ್ಚು. ಕಂಡಿಕೆ ಸುತ್ತೋದು, ತುಂಡಾದ ಎಳೆ ಸೇರಿಸೋದು, ಇವೆಲ್ಲ ಹೆಂಡತಿಯದೋ ತಾಯಿಯದೋ ಕೆಲಸ. ಅದಕ್ಕೆ ಬೇರೆ ಮಜೂರಿ ಇಲ್ಲ. ಸೀರೆಯ ಮಜೂರಿಯಲ್ಲೇ ಬಂತು ಅಂತ ಲೆಕ್ಕ. ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಬಂದಾಗ ಮಾಲೀಕರ ಹತ್ತಿರ ಮುಂಗಡ ತಗೋತಾರೆ. ಆ ಮುಂಗಡ ತೀರುವವರೆಗೆ ಬೇರೆ ಮಾಲೀಕರ ಕಡೆ ಹೋಗೋ ಹಾಗಿಲ್ಲ.

ಅವನಿಗೆ ಒಂದು ಸೀರೆಗೆ ಎಷ್ಟು ಸಿಗುತ್ತೆ, ಅದೇ ಥರದ ಸೀರೆಗೆ ಬೆಂಗಳೂರಿನ ಅಂಗಡಿಯಲ್ಲಿ ಎಷ್ಟು ಚೀಟಿ ಇರುತ್ತೆ, ಎರಡೂ ನನಗೆ ಗೊತ್ತು. ಅವನು ಕೊಟ್ಟ ಅಂಕಿಯನ್ನು ಇಲ್ಲಿ ಬರೆಯಲ್ಲ. ಅವನೇ ಬೇಡ ಅಂದ. "ಲೇ, ನೀನು ಬರ್ಕೊಂಡು ಹೋಗ್ತೀಯ. ನಾಳೆ ನಮ್ ಮಾಲೀಕ್ರ ಮಗ ಅದನ್ನ ಫೋನಲ್ಲಿ ಓದ್ತಾನೆ. ನಾನು ಇಲ್ಲೇ ಇರ್ಬೇಕು." ದೇಶದ ಲೆಕ್ಕ ಮಾತ್ರ ಹೇಳಬಹುದು, ಅದು ಸರ್ಕಾರದ್ದೇ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ಸುಮಾರು ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಕುಟುಂಬದ ಆದಾಯ ಇದು, ಒಬ್ಬರದ್ದಲ್ಲ.

ಇಲ್ಲಿಗೆ ಬಂದ ಕೂಡಲೇ ನಮ್ಮಂಥವರ ತಲೆಯಲ್ಲಿ ಒಂದು ಪರಿಹಾರ ಹೊಳೆಯುತ್ತೆ. ಮಧ್ಯವರ್ತಿಯನ್ನು ತೆಗೆದುಹಾಕು, ನೇರ ನೇಕಾರನಿಂದ ಕೊಳ್ಳು, ಬೇಕಾದರೆ ಅದಕ್ಕೊಂದು ಆ್ಯಪ್ ಮಾಡು. ಆಫೀಸಿನಲ್ಲಿ ಇದನ್ನು ಹೇಳದ ಸಹೋದ್ಯೋಗಿ ಸಿಕ್ಕಿಲ್ಲ ನನಗೆ. ಇದನ್ನೇ ಗೆಳೆಯನಿಗೆ ಹೇಳಿದಾಗ ಅವನು ನಕ್ಕುಬಿಟ್ಟ. "ನೀವು ದೀಪಾವಳಿಗೆ ಒಂದ್ಸಲ ಬರ್ತೀರ. ಹತ್ತು ಸೀರೆ ತಗೊಂಡು ಫೋಟೋ ಹೊಡ್ಕೊಂಡು ಹೋಗ್ತೀರ. ಆಷಾಢದಾಗೆ ವ್ಯಾಪಾರ ಇಲ್ದಾಗ ವಾರ್ಪ್ ಕೊಡೋರು ಯಾರು? ನಮ್ಮಪ್ಪಂಗೆ ಆಪರೇಷನ್ ಆದಾಗ ರಾತ್ರಿ ಹನ್ನೊಂದಕ್ಕೆ ದುಡ್ಡು ಕೊಟ್ಟೋರು ಯಾರು?" ಮಾಲೀಕರು ಬರೀ ನಡುವೆ ಕೂತು ಕಮಿಷನ್ ಹೊಡೆಯುವವರಲ್ಲ. ರೇಷ್ಮೆಗೆ ಬಂಡವಾಳ ಹೂಡುವವರು ಅವರು, ಮಾರಾಟವಾಗದ ಸೀರೆಯನ್ನು ಬೀರುವಿನಲ್ಲಿ ಇಟ್ಟುಕೊಂಡು ಕಾಯುವವರು ಅವರು, ಬ್ಯಾಂಕು ಕೊಡದ ಸಾಲ ಕೊಡುವವರೂ ಅವರೇ. ಗೆಳೆಯನ ಕೈ ಕಟ್ಟಿಹಾಕಿದ ಮುಂಗಡವೇ ಅವನ ಅಪ್ಪನನ್ನು ಉಳಿಸಿದ್ದು. ಇದನ್ನು ಶೋಷಣೆ ಅಂತ ಒಂದೇ ಪದದಲ್ಲಿ ಮುಗಿಸೋಕೆ ನನಗೆ ಬರಲ್ಲ. ಋಣ ಅಂತ ಕರೆದು ಸುಮ್ಮನಾಗೋದಕ್ಕೂ ಆಗಲ್ಲ.

ಇನ್ನೊಂದು ಗಂಟು ನೂಲಿನದು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಆಮದು ರೇಷ್ಮೆ ಅಂದ್ರೆ ಆಗ ಹೆಚ್ಚುಕಮ್ಮಿ ಚೀನಾ ರೇಷ್ಮೆ ಅಂತಲೇ. ನೇಕಾರನ ಕಡೆಯಿಂದ ನೋಡಿದರೆ ಒಳ್ಳೆಯ ಸುದ್ದಿ: ನೂಲು ಅಗ್ಗವಾದರೆ ಮಾಲೀಕರು ಹೆಚ್ಚು ವಾರ್ಪು ಹಾಕಿಸ್ತಾರೆ, ಮಗ್ಗ ನಿಲ್ಲಲ್ಲ. ರಾಮನಗರ ಮಾರುಕಟ್ಟೆಗೆ ಗೂಡು ತರುವ ಹಿಪ್ಪುನೇರಳೆ ರೈತನ ಕಡೆಯಿಂದ ನೋಡಿದರೆ ಅದೇ ಸುದ್ದಿ ಸಿಡಿಲು. ರೈತರು ಬೀದಿಗಿಳಿದರು. 2013ರ ಬಜೆಟ್‌ನಲ್ಲಿ ಸುಂಕ ಮತ್ತೆ ಶೇ 15ಕ್ಕೆ ಏರಿತು. ಆಗ ರೈತನಿಗೆ ಸಮಾಧಾನ, ಮಗ್ಗದವನಿಗೆ ಸಂಕಟ. ಇಬ್ಬರೂ ಬಡವರು. ಇಬ್ಬರೂ ಕೇಳಿದ್ದು ನ್ಯಾಯವನ್ನೇ. ಒಂದೇ ಎಳೆಯ ಎರಡು ತುದಿಯನ್ನು ಇಬ್ಬರೂ ಹಿಡಿದು ಜಗ್ಗಿದರೆ ಯಾವ ತುದಿ ನ್ಯಾಯ ಅಂತ ಹೇಳ್ತೀರಿ? "ಫೇರ್ ಟ್ರೇಡ್" ಅಂತ ಬರೆದ ಚೀಟಿ ನೋಡಿದಾಗೆಲ್ಲ ನನಗೆ ಮೊದಲು ಬರುವ ಅನುಮಾನ ಇದು. ಫೇರ್, ಸರಿ. ಯಾರಿಗೆ?

ಮೊಳಕಾಲ್ಮೂರಿಗೆ ಹೋದವರು ಬ್ರಹ್ಮಗಿರಿಗೂ ಹೋಗಿಬನ್ನಿ. ಅಶೋಕನ ಶಾಸನ ಇರುವ ಜಾಗ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಅದೇ ತಾಲ್ಲೂಕಿನಲ್ಲಿವೆ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅನ್ನೋದು ಅಲ್ಲಿನ ಸಾರ. (ಜೀವಿಗಳಲ್ಲಿ ದಯೆ ಅನ್ನೋ ಬಂಡೆಯ ನೆರಳಲ್ಲೇ ಗೂಡಿನೊಳಗಿನ ಹುಳುವನ್ನು ಕೊಂದು ತೆಗೆದ ನೂಲು ನೇಯ್ತಾರೆ ಅಂತ ಒಬ್ಬ ಸಹೋದ್ಯೋಗಿ ಕುಟುಕಿದ್ದುಂಟು. ಆ ಚರ್ಚೆಗೆ ಇನ್ನೊಂದು ಅಂಕಣ ಬೇಕು.) ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳಬೇಕು ಅನ್ನುವ ಮಾತು ಅಶೋಕನ ದೊಡ್ಡ ಬಂಡೆ ಶಾಸನಗಳಲ್ಲಿ ಬರುತ್ತೆ, ಅವು ಬೇರೆ ಊರುಗಳಲ್ಲಿವೆ. ನಮ್ಮ ಮೊಳಕಾಲ್ಮೂರಿನ ಕಲ್ಲಿನಲ್ಲೂ ಆ ಕಾಲಂ ಇಲ್ಲ!

ತಮಾಷೆ ಇರಲಿ. ನಾನು ಗಮನಿಸಿದ್ದು ಬೇರೆ. ತಂದೆ, ತಾಯಿ, ಗುರು, ಶಿಷ್ಯ, ನೆಂಟ, ಆಳು. ಈ ಪಟ್ಟಿಯಲ್ಲಿರುವವರೆಲ್ಲ ಮುಖ ಕಾಣುವವರು. ನಮ್ಮ ನೀತಿ ಬೆಳೆದದ್ದೇ ಹಾಗೆ, ಎದುರಿಗಿದ್ದವನಿಗೆ ನಾನೇನು ಮಾಡಬೇಕು ಅಂತ. ನಮ್ಮಪ್ಪ ಹೊಲಕ್ಕೆ ಬಂದ ಕೂಲಿಯವರಿಗೆ ತಾನು ಉಣ್ಣುವ ಮೊದಲು ಊಟ ಹಾಕಿಸ್ತಾನೆ. ಆದರೆ ಅಪ್ಪನ ಪಂಪ್‌ಸೆಟ್ಟಿನ ತಾಮ್ರದ ತಂತಿ ಯಾವ ದೇಶದ ಗಣಿಯಿಂದ ಬಂತು, ಆ ಗಣಿಯವನಿಗೆ ಊಟ ಆಗಿತ್ತಾ ಅಂತ ಕೇಳೋದಕ್ಕೆ ಅವನ ನೀತಿಯಲ್ಲಿ ಜಾಗವೇ ಇಲ್ಲ. ಅದು ಅವನ ತಪ್ಪಲ್ಲ. ಸರಪಳಿ ಉದ್ದವಾಗಿದೆ, ನೀತಿ ಅಷ್ಟುದ್ದಕ್ಕೆ ಬೆಳೆದಿಲ್ಲ.

ಉದ್ದದ ಸರಪಳಿಗೆ ನೀತಿ ಹೊಲಿಯುವ ಪ್ರಯತ್ನಗಳು ಆಗಿವೆ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೆಕ್ಸಿಕೋದ ಸಣ್ಣ ರೈತರ ಕಾಫಿಗೆ ಮ್ಯಾಕ್ಸ್ ಹ್ಯಾವೆಲಾರ್ ಅನ್ನುವ ಮುದ್ರೆ ಬಂತು. ಇವತ್ತಿನ ಫೇರ್‌ಟ್ರೇಡ್ ಚೀಟಿಗಳ ಹಿರಿಯಣ್ಣ ಅದು. ಆ ಹೆಸರು ಹಳೆಯ ಡಚ್ ಕಾದಂಬರಿಯೊಂದರದ್ದು. ಡಚ್ಚರು ಜಾವಾ ದ್ವೀಪದ ರೈತರಿಂದ ಕಾಫಿ ಬೆಳೆಸಿಕೊಂಡು ಹಿಂಡಿದ ಕಥೆ ಅದರಲ್ಲಿದೆ. ಆ ಮುದ್ರೆಯ ಒಳ್ಳೆಯ ಗುಣ ಅಂದ್ರೆ ಅದರ ನಿಯಮದಲ್ಲಿ ಬೆಲೆಯ ಮಾತಿದೆ. ಮಾರುಕಟ್ಟೆ ಎಷ್ಟೇ ಬಿದ್ದರೂ ಇದಕ್ಕಿಂತ ಕಡಿಮೆಗೆ ಕೊಳ್ಳುವಂತಿಲ್ಲ ಅನ್ನುವ ಕನಿಷ್ಠ ಬೆಲೆ, ಜೊತೆಗೆ ರೈತರ ಸಂಘಕ್ಕೆ ಇಷ್ಟು ಅಂತ ಹೆಚ್ಚುವರಿ. ನಮ್ಮ ಮೂರು ಮುದ್ರೆಗಳು ವಸ್ತುವಿನ ಶುದ್ಧತೆ ಕಾಯುತ್ವೆ. ಅಂದ್ರೆ ಕೊಳ್ಳುವವನಿಗೆ ಮೋಸ ಆಗದಂತೆ ನೋಡಿಕೊಳ್ಳುತ್ವೆ. ಮ್ಯಾಕ್ಸ್ ಹ್ಯಾವೆಲಾರ್ ಕೊನೇಪಕ್ಷ ಮಾರುವವನ ಕಡೆಗೂ ತಿರುಗಿ ನೋಡಿತು.

ಮುದ್ರೆ, ಆಡಿಟ್ ಇವಷ್ಟನ್ನೇ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ 2013ರ ಏಪ್ರಿಲ್ 24 ಇದೆ. ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕಟ್ಟಡದ ಕೆಳಗಿದ್ದ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಹೊರಗೆ ಕಳಿಸಿದರು. ಹೊಲಿಗೆಯವರಿಗೆ ಮಾತ್ರ ಬೆಳಿಗ್ಗೆ ಕೆಲಸಕ್ಕೆ ಬರಲೇಬೇಕು ಅಂತ ಹೇಳಿತ್ತು. ಅಲ್ಲಿನ ಕೆಲವು ಕಾರ್ಖಾನೆಗಳು ಅದಕ್ಕೂ ಮೊದಲು ಸಾಮಾಜಿಕ ಆಡಿಟ್ ಮಾಡಿಸಿಕೊಂಡಿದ್ದವು. ಕಟ್ಟಡ ನಿಲ್ಲುತ್ತಾ ಅನ್ನೋದು ಆ ಆಡಿಟ್‌ನ ಪ್ರಶ್ನೆಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ.

ಐರಿಸ್ ಮರಿಯನ್ ಯಂಗ್ ಅಂತ ಒಬ್ಬ ಅಮೆರಿಕನ್ ರಾಜಕೀಯ ಚಿಂತಕಿ ಇದ್ದರು. 2006ರಲ್ಲಿ ತೀರಿಕೊಂಡರು, "ರೆಸ್ಪಾನ್ಸಿಬಿಲಿಟಿ ಫಾರ್ ಜಸ್ಟಿಸ್" ಅನ್ನುವ ಪುಸ್ತಕ ಅವರು ಹೋದ ಮೇಲೆ, 2011ರಲ್ಲಿ ಬಂತು. ಅವರ ವಾದವನ್ನು ನನ್ನ ಮಾತಲ್ಲಿ ಹೇಳೋದಾದರೆ ಹೀಗೆ. ಜವಾಬ್ದಾರಿ ಅಂದ ಕೂಡಲೇ ನಾವು ತಪ್ಪಿತಸ್ಥ ಯಾರು ಅಂತ ಹುಡುಕ್ತೀವಿ, ಕೋರ್ಟಿನ ಥರ. ದೊಡ್ಡ ವ್ಯವಸ್ಥೆಯಲ್ಲಿ ಯಾರೂ ಕಾನೂನು ಮುರಿಯದೆ, ಯಾರಿಗೂ ಕೆಟ್ಟ ಉದ್ದೇಶ ಇಲ್ಲದೆ, ಎಲ್ಲರೂ ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಾ ಕೊನೆಗೆ ಒಬ್ಬನ ಬದುಕು ಹಿಂಡಿಹೋಗಬಹುದು. ಅಂಥ ಕಡೆ ಅಪರಾಧಿ ಸಿಗಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಪಾಲುದಾರರಾದ ಎಲ್ಲರ ಮೇಲೂ ಮುಂದೆ ಅದನ್ನು ಸರಿಮಾಡುವ ಹೊಣೆ ಇರುತ್ತೆ. ಎಲ್ಲರಿಗೂ ಒಂದೇ ಅಳತೆಯಲ್ಲ. ಯಾರಿಗೆ ಹೆಚ್ಚು ಅಧಿಕಾರ ಇದೆ, ಯಾರಿಗೆ ಅದರಿಂದ ಹೆಚ್ಚು ಲಾಭ ಇದೆ ಅನ್ನೋದರ ಮೇಲೆ ಹೊಣೆ ಏರುತ್ತೆ, ಇಳಿಯುತ್ತೆ.

ನಮ್ಮ ಫೀಲ್ಡಿನವರಿಗೆ ಇದು ಹೊಸದಲ್ಲ. ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಪೋಸ್ಟ್‌ಮಾರ್ಟಮ್ ಮೀಟಿಂಗ್ ಮಾಡ್ತೀವಿ. ಯಾರು ಮಾಡಿದ್ದು ಅಂತ ಕೇಳಬಾರದು, ವ್ಯವಸ್ಥೆಯಲ್ಲಿ ಏನು ಹಾಗಾಗಲು ಬಿಟ್ಟಿತು ಅಂತ ಕೇಳಬೇಕು ಅನ್ನೋದು ನಿಯಮ. ಒಳ್ಳೆಯ ನಿಯಮವೇ. ಆದರೆ ಆ ಮೀಟಿಂಗಿನ ಕೊನೆಯಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಒಂದು ತಾರೀಕು ಬರೆಯದಿದ್ದರೆ ಮುಂದಿನ ತಿಂಗಳು ಅದೇ ಸರ್ವರ್ ಮತ್ತೆ ಬೀಳುತ್ತೆ. ಯಂಗ್ ಅವರ ವಾದದಲ್ಲಿ ನನಗೆ ಅರೆಮನಸ್ಸು ಇರೋದು ಇಲ್ಲೇ. ಎಲ್ಲರ ಹೊಣೆ ಅಂದಿದ್ದು ಯಾರ ಹೊಣೆಯೂ ಅಲ್ಲದೆ ಹೋಗೋಕೆ ಹೆಚ್ಚು ಹೊತ್ತು ಬೇಕಿಲ್ಲ. ರಾಣಾ ಪ್ಲಾಜಾ ಆದಮೇಲೆ ಸ್ವಲ್ಪ ಕೆಲಸ ಮಾಡಿದ್ದು ಬ್ರ್ಯಾಂಡುಗಳ ವಿಷಾದದ ಹೇಳಿಕೆಗಳಲ್ಲ, ಅವೇ ಬ್ರ್ಯಾಂಡುಗಳು ಕಾರ್ಮಿಕ ಸಂಘಗಳ ಜೊತೆ ಸಹಿ ಹಾಕಿದ ಅಕಾರ್ಡ್. ಅದು ಕಾನೂನಿನ ಬಲ ಇದ್ದ ಒಪ್ಪಂದ. ಕಾರ್ಖಾನೆಯ ಕಟ್ಟಡ ರಿಪೇರಿ ಆಗಲಿಲ್ಲ ಅಂದ್ರೆ ಯಾರನ್ನು ಹಿಡಿಯಬೇಕು ಅಂತ ಅದರಲ್ಲಿ ಬರೆದಿತ್ತು.

ಹಾಗಾದರೆ ಕೊಳ್ಳುವ ನಾವು ಏನು ಮಾಡಬೇಕು? ಸ್ವಲ್ಪ ಹೆಚ್ಚು ಕೊಟ್ಟುಬಿಡೋಣ, ಪಾಪ, ಅನ್ನೋದು ಸುಲಭದ ಉತ್ತರ. ಈ 'ಪಾಪ' ನನಗೆ ಇಷ್ಟವಿಲ್ಲ. ನಮ್ಮ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ನುಲೇನೂರು ಅಂತ ಊರಿದೆ, ಶರಣ ನುಲಿಯ ಚಂದಯ್ಯ ಐಕ್ಯನಾದ ಜಾಗ ಅಂತ ಜನರ ನಂಬಿಕೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಒಮ್ಮೆ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಬಂದಾಗ ಅವನು ಅದನ್ನು ಒಪ್ಪಲೇ ಇಲ್ಲ ಅನ್ನೋ ಕಥೆಯಿದೆ. ಚಿಕ್ಕವನಿದ್ದಾಗ ಇದನ್ನು ಕೇಳಿ, ಎಂಥ ದಡ್ಡ ಅನ್ನಿಸಿತ್ತು. ಈಗ ಬೇರೆ ಥರ ಕಾಣುತ್ತೆ. ಹೆಚ್ಚು ಕೊಡೋನು ತನ್ನ ದೊಡ್ಡತನವನ್ನೂ ಹಗ್ಗದ ಜೊತೆ ಕಟ್ಟಿಕೊಂಡು ಹೋಗ್ತಾನೆ. ಚಂದಯ್ಯ ಕೇಳಿದ್ದು ದಯೆಯಲ್ಲ, ಲೆಕ್ಕ. ಹಗ್ಗದ ಬೆಲೆ ಎಷ್ಟು ಅಂತ ಅವನಿಗೆ ಗೊತ್ತಿತ್ತು, ಕೊಂಡವನಿಗೂ ಗೊತ್ತಿರಬೇಕಿತ್ತು. ನನ್ನ ಗೆಳೆಯನಿಗೂ ಬೇಕಾಗಿರೋದು ಅದೇ. ಅವನು ನನ್ನ ಹತ್ತಿರ ಯಾವತ್ತೂ ಜಾಸ್ತಿ ಕೇಳಿಲ್ಲ. ತಾನು ನೇಯ್ದ ಸೀರೆ ಎಷ್ಟಕ್ಕೆ ಮಾರಾಟವಾಯ್ತು ಅಂತ ಮಾತ್ರ ಕೇಳಿದ್ದಾನೆ. ಅದನ್ನು ಅವನಿಗೆ ಯಾರೂ ಹೇಳಲ್ಲ.

ನನಗೂ ಯಾರೂ ಹೇಳಲ್ಲ ಅನ್ನಿ. ನನ್ನ ಒಂದು ಗಂಟೆಗೆ ಕ್ಲೈಂಟ್ ಎಷ್ಟು ಡಾಲರ್ ಕೊಡ್ತಾನೆ ಅನ್ನೋದು ಗುಟ್ಟು. ನನ್ನ ಸಂಬಳ ಪಕ್ಕದ ಸೀಟಿನವನಿಗೆ ಗೊತ್ತಾಗಬಾರದು ಅನ್ನೋದು ಆಫರ್ ಲೆಟರ್‌ನಲ್ಲೇ ಬರೆದಿರುತ್ತೆ. ಟೈಮ್‌ಶೀಟ್ ತುಂಬುವ ನಾನು, ವಾರ್ಪಿನ ಲೆಕ್ಕ ಕೊಡುವ ಅವನು, ಇಬ್ಬರೂ ಸರಪಳಿಯ ನಡುವಿನ ಕೊಂಡಿಗಳೇ. ವ್ಯತ್ಯಾಸ ಇಷ್ಟು: ನನಗೆ ಸರಿಹೋಗದಿದ್ದರೆ ನೋಟಿಸ್ ಪೀರಿಯಡ್ ಮುಗಿಸಿ ಬೇರೆ ಕಡೆ ಹೋಗ್ತೀನಿ, ಅವನಿಗೆ ಮುಂಗಡ ಇದೆ. ಇಬ್ಬರೂ ಒಂದೇ ದೋಣಿಯಲ್ಲಿದ್ದೀವಿ ಅಂತ ಹೇಳಿ ಕೈತೊಳೆದುಕೊಳ್ಳೋಕೆ ಆ ವ್ಯತ್ಯಾಸ ಬಿಡಲ್ಲ.

ಈಗ ನನ್ನ ಕೆಲಸದ ವಿಷಯ. ಕಳೆದ ಕೆಲವು ವರ್ಷಗಳಿಂದ ಯುರೋಪಿನ ಗ್ರಾಹಕರೊಬ್ಬರಿಗೆ ಸಪ್ಲೈಯರ್ ಪೋರ್ಟಲ್ ಕಟ್ಟುವ ಟೀಮ್‌ನಲ್ಲಿದ್ದೀನಿ. ಜರ್ಮನಿಯಲ್ಲಿ 2023ರ ಜನವರಿ 1ರಿಂದ ಸಪ್ಲೈ ಚೈನ್ ಕಾಯ್ದೆ ಜಾರಿಗೆ ಬಂತು. ಮೊದಲು ಕನಿಷ್ಠ 3,000 ನೌಕರರಿದ್ದ ಕಂಪನಿಗಳಿಗೆ, ಮುಂದಿನ ವರ್ಷದಿಂದ ಕನಿಷ್ಠ 1,000 ನೌಕರರಿದ್ದವಕ್ಕೆ. ತಮಗೆ ಮಾಲು ಕೊಡುವವರ ಕಡೆ ಬಾಲಕಾರ್ಮಿಕರು, ಜೀತ, ಕೂಲಿ ಮೋಸ ಇದೆಯಾ ಅಂತ ಕಂಪನಿ ನೋಡಬೇಕು. ಒಳ್ಳೆಯ ಕಾನೂನು. ಆದರೆ ಅದರಲ್ಲೊಂದು ಸಂದಿ ಇದೆ. ನೇರ ಸರಬರಾಜುದಾರನ ಬಗ್ಗೆ ಕಂಪನಿ ತಾನಾಗಿ ವಿಚಾರಿಸಬೇಕು. ಅವನ ಹಿಂದಿನವನು, ಹಿಂದಿನವನ ಹಿಂದಿನವನು, ಇವರ ವಿಷಯದಲ್ಲಿ ಮಾತ್ರ, ಅಲ್ಲಿ ಏನೋ ತಪ್ಪು ನಡೀತಿದೆ ಅಂತ ಆಧಾರ ಸಮೇತ ಗೊತ್ತಾದಾಗ ಹೊಣೆ ಶುರುವಾಗುತ್ತೆ.

ಮೊದಲ ಸಲ ಇದನ್ನು ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ನಲ್ಲಿ ಓದಿದಾಗ ಎರಡು ಸಲ ಓದಿದೆ. ಗೊತ್ತಾದರೆ ಹೊಣೆ. ಗೊತ್ತಾಗದಿದ್ದರೆ ಇಲ್ಲ. ಹಾಗಾದರೆ ಗೊತ್ತಾಗದೇ ಇರೋದೇ ಲಾಭ, ಅಲ್ವಾ? ನಾವೆಲ್ಲ ನನಗೆ ಗೊತ್ತಿರಲಿಲ್ಲ ಅನ್ನೋದನ್ನು ಒಂದು ಕ್ಷಮೆಯ ಥರ ಬಳಸ್ತೀವಿ. ಆದರೆ ಎಷ್ಟೋ ಅಜ್ಞಾನಗಳು ತಾವಾಗಿ ಇರುವಂಥವಲ್ಲ. ಯಾರೋ ಕೂತು, ಫಾರ್ಮ್ ಬರೆದು, ಯಾವ ಪ್ರಶ್ನೆ ಬೇಕು ಯಾವುದು ಬೇಡ ಅಂತ ತೀರ್ಮಾನಿಸಿ ಕಟ್ಟಿದಂಥವು. ಕಟ್ಟುವವರಲ್ಲಿ ನಾನೂ ಒಬ್ಬ, ಸಂಬಳ ತಗೊಂಡು. ನಮ್ಮ ಪೋರ್ಟಲ್‌ನಲ್ಲಿ ಸರ್ಟಿಫಿಕೇಟ್ ಅಪ್‌ಲೋಡ್ ಮಾಡೋದು ಕಡ್ಡಾಯ. ಆ ಮಾಲಿನ ಒಂದು ತುಂಡಿಗೆ ತಯಾರಿಸಿದವನಿಗೆ ಎಷ್ಟು ಕೊಟ್ಟಿರಿ ಅನ್ನುವ ಜಾಗ ಇಲ್ಲ. ಒಂದು ಕಾಲ್‌ನಲ್ಲಿ ಇದನ್ನು ಎತ್ತಿದೆ. ಆ ಕಡೆಯವರು ಸಭ್ಯವಾಗಿಯೇ ಹೇಳಿದರು: ಅದು ಎರಡನೇ ಹಂತದ ಸಪ್ಲೈಯರ್ ವಿಷಯ, ನಮ್ಮ ಸ್ಕೋಪ್‌ನಲ್ಲಿ ಬರಲ್ಲ.

ಯುರೋಪಿನವರನ್ನು ಬೈದು ಮುಗಿಸೋಣ ಅಂದ್ರೆ ಅದಕ್ಕೂ ದಾರಿಯಿಲ್ಲ, ಚಳ್ಳಕೆರೆ ಅಡ್ಡ ಬರುತ್ತೆ. ನಮ್ಮೂರ ಕಡೆ ಎಲ್ಲರೂ ಬೆಳೆಯೋದು ಶೇಂಗಾ. ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು, ಸುತ್ತ ಅಷ್ಟು ಮಿಲ್ಲುಗಳು. 1994ರಲ್ಲಿ ತಾಳೆ ಎಣ್ಣೆಯ ಆಮದು ಖಾಸಗಿಯವರಿಗೆ ತೆರೆದುಕೊಂಡಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸುವ ದೇಶ ನಮ್ಮದು, ಇಂಡೋನೇಷ್ಯಾ, ಮಲೇಷ್ಯಾದಿಂದ. ಬಿಸ್ಕೆಟ್‌ನಲ್ಲಿ ಅದು, ಸೋಪಿನಲ್ಲಿ ಅದು, ಸಂಜೆ ಗಾಡಿಯ ಬಜ್ಜಿಯಲ್ಲಿ ಅದು. ಅಷ್ಟು ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ಹೇಗೆ ನಿಲ್ಲುತ್ತೆ? ಅಪ್ಪನಿಗೆ ಇದು ಗೊತ್ತು. ಆದರೆ ಆ ಅಗ್ಗ ಎಲ್ಲಿಂದ ಬಂತು ಅಂತ ನೋಡಿ. 2016ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡೋನೇಷ್ಯಾದ ತಾಳೆ ತೋಟಗಳ ಬಗ್ಗೆ ವರದಿ ಮಾಡಿತು. ದಿನಕ್ಕೆ ಇಷ್ಟು ಗೊನೆ ಅಂತ ಟಾರ್ಗೆಟ್, ಅದು ಮುಟ್ಟದೆ ಅಪ್ಪಂದಿರಿಗೆ ಸಹಾಯ ಮಾಡಲು ಬಂದ ಮಕ್ಕಳು, ಸರಿಯಾದ ರಕ್ಷಣೆಯಿಲ್ಲದೆ ವಿಷ ಸಿಂಪಡಿಸುವ ಹೆಂಗಸರು. ಆ ತೋಟಗಳಲ್ಲಿ ಕೆಲವಕ್ಕೆ ಸುಸ್ಥಿರ ತಾಳೆ ಎಣ್ಣೆಯ ಪ್ರಮಾಣಪತ್ರವೂ ಇತ್ತು. ಮತ್ತೆ ಮುದ್ರೆ!

ಅಂದ್ರೆ ಸೀರೆಯ ಸರಪಳಿಯಲ್ಲಿ ನನ್ನ ಗೆಳೆಯ ಎಲ್ಲಿ ಕೂತಿದ್ದಾನೋ, ಎಣ್ಣೆಯ ಸರಪಳಿಯಲ್ಲಿ ಅಲ್ಲಿ ಸುಮಾತ್ರಾದ ಒಬ್ಬ ಹೆಂಗಸು ಕೂತಿದ್ದಾಳೆ. ಜರ್ಮನಿಯ ಗ್ರಾಹಕನ ಜಾಗದಲ್ಲಿ ಬಜ್ಜಿ ಹಿಡಿದು ನಾನು ನಿಂತಿದ್ದೀನಿ. ಅಪ್ಪನ ಶೇಂಗಾಕ್ಕೆ ಬೆಲೆ ಬೀಳಿಸಿದ್ದು ಆಕೆಯ ಕಡಿಮೆ ಕೂಲಿ ಕೂಡ ಹೌದು. ಅವಳಿಗೆ ಸರಿಯಾದ ಕೂಲಿ ಸಿಕ್ಕಿದ್ದರೆ ಚಳ್ಳಕೆರೆ ಎಪಿಎಂಸಿಯಲ್ಲಿ ಅಪ್ಪ ಇನ್ನೊಂಚೂರು ತಲೆ ಎತ್ತಿ ನಿಲ್ಲುತ್ತಿದ್ದನೇನೋ. ರೇಷ್ಮೆಯಲ್ಲಿ ಇಬ್ಬರು ಬಡವರ ನ್ಯಾಯ ಒಂದಕ್ಕೊಂದು ಎದುರಾದರೆ, ಇಲ್ಲಿ ಇಬ್ಬರದೂ ಒಂದೇ ಕಡೆ ಇದೆ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಣಲಾರರು.

ಚಳ್ಳಕೆರೆಯ ಕಂಬಳಿಯ ಬಗ್ಗೆಯೂ ಬರೀಬೇಕಿತ್ತು. ಹುಣಸೆ ಬೀಜದ ಗಂಜಿ ಕುಡಿಸಿ, ಕುರಿಯ ಕರಿ ಉಣ್ಣೆಯಲ್ಲಿ ನೇಯ್ದ ಕಂಬಳಿ ಹಾಸಿದ ಅಂಗಡಿಯ ಎದುರಿಗೇ ಪಾಣಿಪತ್ ಕಡೆಯ ಬಣ್ಣಬಣ್ಣದ ಹೊದಿಕೆಗಳನ್ನು ಪೇರಿಸಿಟ್ಟು ಮಾರ್ತಾರೆ. ಯುರೋಪು, ಅಮೆರಿಕದವರು ಬಿಸಾಕಿದ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡ್ಕೊಂಡು ಮತ್ತೆ ನೂಲು ತೆಗೆಯೋ ಊರು ಪಾಣಿಪತ್. ಆ ಎಳೆ ಹಿಡಿದು ಹೊರಟರೆ ಇವತ್ತಿಗೆ ಮುಗಿಯಲ್ಲ.

ಹೋದ ವರ್ಷ ತಂಗಿಯ ಮದುವೆಗೆ ಸೀರೆ ತರೋಕೆ ಅಮ್ಮನ ಜೊತೆ ಮೊಳಕಾಲ್ಮೂರಿಗೆ ಹೋಗಿದ್ದೆ. ಅಂಗಡಿಯವರು ಒಂದೊಂದೇ ಬಿಚ್ಚಿ ಹಾಸಿದರು. ಅಮ್ಮ ಬಣ್ಣ ನೋಡಿದಳು, ಸೆರಗು ನೋಡಿದಳು, ಜರಿ ಕಪ್ಪಾಗುತ್ತಾ ಅಂತ ಕೇಳಿದಳು. ನಾನು, "ಇದರಲ್ಲಿ ನೇಯ್ದೋರಿಗೆ ಮಜೂರಿ ಎಷ್ಟು ಹೋಗಿದೆ ಸಾರ್?" ಅಂದೆ. ಅಂಗಡಿಯವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಟ್ಯಾಕ್ಸ್‌ನೋರಾ?" ಅಂದರು. ಅಲ್ಲ, ಚಳ್ಳಕೆರೆ ಕಡೆಯೋರು ಅಂದಮೇಲೆ ನಕ್ಕು, ಅಂದಾಜಿನಲ್ಲಿ ಹೇಳಿದರು. ಗೆಳೆಯ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿದರು ಅನ್ನಿ. ಆದರೂ ಹೇಳಿದರು. ಮಗ್ಗದವರು ಕಡಿಮೆ ಆಗ್ತಿದ್ದಾರೆ, ಹುಡುಗರು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗ್ತಿದ್ದಾರೆ, ಮಜೂರಿ ಏರಿಸದಿದ್ದರೆ ನಮ್ಮ ಅಂಗಡಿಯೂ ಉಳಿಯಲ್ಲ ಅಂತ ತಾವೇ ಮಾತು ಮುಂದುವರಿಸಿದರು. ಅಮ್ಮ ಎಲ್ಲ ಕೇಳಿಸಿಕೊಂಡು, ಆಮೇಲೂ ಐನೂರು ರೂಪಾಯಿ ಚೌಕಾಸಿ ಮಾಡಿದಳು. ಹೊರಗೆ ಬಂದಮೇಲೆ ಯಾಕಮ್ಮ ಅಂದೆ.

"ನಮ್ ಶೇಂಗಾ ತಗೊಳೋವಾಗ ನಿಮಗೆ ಎಕರೆಗೆ ಎಷ್ಟು ಬಿತ್ತು ಅಂತ ಯಾವನಾದ್ರೂ ಕೇಳಿದ್ನೇನೋ? ನೀನು ಕೇಳ್ದೆ, ಕೇಳು, ಬೇಡ ಅನ್ನಲ್ಲ. ಆದ್ರೆ ಕೇಳಿದ್ದಕ್ಕೆ ನಾನ್ಯಾಕೆ ಐನೂರು ಬಿಡ್ಲಿ? ಆ ಐನೂರು ಮಗ್ಗದೋನಿಗೆ ಹೋಗ್ತದೆ ಅಂತ ಆಯಪ್ಪ ಬರ್ಕೊಡ್ಲಿ, ಬಿಡ್ತೀನಿ."

ಬರೆದುಕೊಡುವ ವ್ಯವಸ್ಥೆ ಅಲ್ಲಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಸೋಮವಾರ ಪೋರ್ಟಲ್‌ಗೆ ಒಂದು ಟಿಕೆಟ್ ಹಾಕಿದೆ: ತುಂಡಿಗೆ ಕೊಟ್ಟ ಕೂಲಿ, ಐಚ್ಛಿಕ ಫೀಲ್ಡ್, ಕೆಲಸಗಾರನ ಹೆಸರು ಯಾರಿಗೂ ಕಾಣದಂತೆ. ಹೆಸರು ಕಾಣದಂತೆ ಅನ್ನೋದು ಗೆಳೆಯನ ಸಲುವಾಗಿ ಸೇರಿಸಿದ್ದು. ಅದಕ್ಕೆ 'ಲೋ ಪ್ರಯಾರಿಟಿ' ಕೊಟ್ಟು ಬ್ಯಾಕ್‌ಲಾಗ್‌ಗೆ ತಳ್ಳಿದ್ದಾರೆ. ಎರಡು ವಾರಕ್ಕೊಮ್ಮೆ ಪ್ಲಾನಿಂಗ್ ಮೀಟಿಂಗ್ ಇರುತ್ತೆ. ಪ್ರತಿ ಸಲವೂ ಅದನ್ನು ತೆಗೆದು ಸ್ಕ್ರೀನ್ ಮೇಲೆ ಓದ್ತೀನಿ. ಹೋದ ಸಲ ಮ್ಯೂನಿಕ್‌ನ ಹುಡುಗಿಯೊಬ್ಬಳು, ಇದನ್ನು ತುಂಬಲು ಸಪ್ಲೈಯರ್‌ಗಳು ಒಪ್ಪುತ್ತಾರಾ ಅಂತ ಕೇಳಿದಳು. ಮೊಳಕಾಲ್ಮೂರಿನಲ್ಲಿ ಒಬ್ಬರು ಬಾಯಿಮಾತಲ್ಲಿ ಹೇಳಿದ್ದಾರೆ ಅಂದೆ. ಅವಳು ಆ ಊರಿನ ಸ್ಪೆಲ್ಲಿಂಗ್ ಕೇಳಿ ಬರ್ಕೊಂಡಳು.